ಯುದ್ಧ ಇಲ್ಲದ ದಿನ ರಾಣಿ ಎಂತ ಮಾಡ್ತಿದ್ರು?

ನಿನ್ನೆ ಸಂಜೆ ನಮ್ಮ ತೋಡಿಗೆ ಕಟ್ಟ ಹಾಕಿ ಮುಗಿಸಿದೆವು. ಒಂಬತ್ತು ವರ್ಷದ ಮೇಲೆ! ಇದಕ್ಕೆ ಕಾರಣ ಉಳ್ಳಾಲದ ಅಬ್ಬಕ್ಕ ರಾಣಿಯ ಪ್ರತಿಮೆ ಅಂದ್ರೆ ನೀವು ನಗಬಹುದು. ಆದ್ರೆ ವಿಷಯ ಹಾಗೇ ಉಂಟು, ಹೇಳ್ತೇನೆ.

ಜೂನ್ ಸುರುವಿಗೆ ಗೇರಿನ ಕಸಿ ಗಿಡ ತರಲಿಕ್ಕೆ ಉಳ್ಳಾಲದ ಸಂಶೋಧನಾ ಕೇಂದ್ರಕ್ಕೆ ಹೋಗಿದ್ದೆ. ಗುಡ್ಡೆ ಬದಿಗೆ ಇಪ್ಪತ್ತೈದು ಗಿಡ, ಉಳ್ಳಾಲ-3 ತಳಿ. ಸಮುದ್ರ ನೋಡದೆ ತುಂಬ ವರ್ಷ ಆಯ್ತು ಅಂತ ಅಮ್ಮನೂ ಜೀಪು ಹತ್ತಿದ್ರು. ಕಡಲ್ಕೊರೆತಕ್ಕೆ ಅಂತ ಹಾಕಿದ ಬಂಡೆಗಳಿಗೆ ಅಲೆ ಬಡಿಯುವುದನ್ನು ಸ್ವಲ್ಪ ಹೊತ್ತು ನೋಡಿ, ವಾಪಸ್ ಬರುವಾಗ ಅಬ್ಬಕ್ಕನ ಕಂಚಿನ ಪ್ರತಿಮೆಯ ಹತ್ರ ನಿಲ್ಲಿಸಿದೆ.

ಶಾಲೆಯಲ್ಲಿ ಓದಿದ್ದು, ಯಕ್ಷಗಾನದಲ್ಲಿ ನೋಡಿದ್ದು ಎಲ್ಲ ಸೇರಿಸಿ ಅಮ್ಮನಿಗೆ ಕಥೆ ಹೇಳಿದೆ. ಚೌಟರ ವಂಶದ ಜೈನ ರಾಣಿ. ನಮ್ಮ ಕರಾವಳಿಯ ಅಕ್ಕಿ, ಕರಿಮೆಣಸು ಹಡಗು ಹತ್ತಬೇಕಾದ್ರೆ ತಮ್ಮ ಪರವಾನಗಿ ಬೇಕು, ಕಪ್ಪವೂ ಬೇಕು ಅಂತ ಪೋರ್ಚುಗೀಸರು ಕೂತಿದ್ದ ಕಾಲ. ಇವರು ಕೊಡುವುದಿಲ್ಲ ಅಂದ್ರು. 1568ರಲ್ಲಿ ಪೋರ್ಚುಗೀಸರು ಉಳ್ಳಾಲಕ್ಕೇ ನುಗ್ಗಿದಾಗ ರಾಣಿ ಮಸೀದಿಯಲ್ಲಿ ಅಡಗಿ, ಅದೇ ರಾತ್ರಿ ಇನ್ನೂರು ಜನರನ್ನು ಕಟ್ಟಿಕೊಂಡು ತಿರುಗಿ ಎರಗಿದ್ರು ಅಂತ ಹೇಳ್ತಾರೆ. ಅವರ ಪಡೆಯಲ್ಲಿ ಮೊಗವೀರರು, ಬ್ಯಾರಿಗಳು ಎಲ್ಲ ಇದ್ರಂತೆ.

ಅಮ್ಮ ಎಲ್ಲ ಕೇಳಿದ್ರು. ಆಮೇಲೆ ಪ್ರತಿಮೆಯನ್ನೇ ನೋಡ್ತಾ, "ಅದೆಲ್ಲ ಸರಿ. ಯುದ್ಧ ಇಲ್ಲದ ದಿನ ಇವರು ಎಂತ ಮಾಡ್ತಿದ್ರು?" ಅಂತ ಕೇಳಿದ್ರು.

"ರಾಣಿ ಅಲ್ವಾ, ಅರಮನೆಯಲ್ಲಿ ಇರ್ತಿದ್ರು" ಅಂದೆ.

"ಅಳಿಯಸಂತಾನದ ಹೆಂಗಸು ಮಾರಾಯ. ಭೂಮಿ ಅವರದ್ದೇ. ಒಳಗೆ ಕೂತ್ರೆ ಆಗ್ತದಾ?"

ನನ್ನ ಹತ್ರ ಉತ್ತರ ಇರ್ಲಿಲ್ಲ. ಗಿಡ ಬಾಡ್ತದೆ ಅಂತ ಹೊರಟೆವು.

ಮಳೆಗಾಲದಲ್ಲಿ ಬಿಡುವು ಸಿಕ್ಕಾಗ ಹುಡುಕಿ ಓದಿದೆ. ಅಮ್ಮ ಹೇಳಿದ್ದೇ ಸರಿ. ಪಿಯೆತ್ರೊ ದೆಲ್ಲಾ ವಾಲ್ಲೆ ಅಂತ ಇಟಲಿಯ ಪ್ರವಾಸಿ. ಇಕ್ಕೇರಿಗೆ ಹೋಗಿ, ಘಟ್ಟ ಇಳಿದು, 1623ರ ಡಿಸೆಂಬರಿನಲ್ಲಿ ಉಳ್ಳಾಲದ ರಾಣಿಯನ್ನು ನೋಡಲಿಕ್ಕೆ ಅಂತಲೇ ಮನೇಲ್ ಎಂಬ ಊರಿಗೆ ಬರ್ತಾನೆ. ರಾಣಿ ಸಿಕ್ಕಿದ್ದು ಅರಮನೆಯಲ್ಲಿ ಅಲ್ಲ, ದಾರಿಯಲ್ಲಿ! ಬರಿಗಾಲು, ಸೊಂಟಕ್ಕೆ ಸಾದಾ ಬಿಳಿ ಹತ್ತಿ ಬಟ್ಟೆ, ಮೇಲೆ ಓಲೆಯ ಕೊಡೆ. ನೀರು ಹಾಯಿಸಲಿಕ್ಕೆ ತೋಡಿಸುತ್ತಿದ್ದ ಕಾಲುವೆ ನೋಡಲಿಕ್ಕೆ ಹೊರಟಿದ್ರು. ನೋಡಲಿಕ್ಕೆ ಅಡುಗೆಯವಳ ಹಾಗೆ, ಬಟ್ಟೆ ಒಗೆಯುವವಳ ಹಾಗೆ ಕಂಡರೂ ಮಾತು ಕೇಳಿದರೆ ರಾಣಿ ಅಂತ ಗೊತ್ತಾಗ್ತದೆ ಅಂತ ಬರೆದಿದ್ದಾನೆ. ಹೆಸರನ್ನೂ ಅವನ ಬಾಯಿಗೆ ಬಂದ ಹಾಗೆ ಬರೆದಿದ್ದಾನೆ: 'ಅಬಗ್ ದೇವಿ ಚಾವುತ್ರು'. ನಮ್ಮ ಅಬ್ಬಕ್ಕ ದೇವಿ ಚೌಟರು.

ಅವನ ಲೆಕ್ಕದಲ್ಲಿ ರಾಣಿಗೆ ಆಗ ನಲವತ್ತರ ಆಸುಪಾಸು. ಹಾಗಾದ್ರೆ 1568ರಲ್ಲಿ ಹೋರಾಡಿದವರು ಇವರಲ್ಲ. ಅಬ್ಬಕ್ಕ ಒಬ್ಬರಲ್ಲ, ಆ ಹೆಸರಿನವರು ಒಬ್ಬರ ಮೇಲೊಬ್ಬರು ಆಳಿದ್ರು ಅಂತ ಇತಿಹಾಸಕಾರರೂ ಹೇಳ್ತಾರೆ. ಜನ ಎಲ್ಲರನ್ನೂ ಸೇರಿಸಿ ಒಬ್ಬಳೇ ರಾಣಿ ಮಾಡಿದ್ದಾರೆ, ಪ್ರತಿಮೆಯೂ ಒಂದೇ.

ನನಗೆ ತಾಗಿದ್ದು ಡಿಸೆಂಬರ್ ಅನ್ನುವ ಮಾತು. ನಮ್ಮಲ್ಲಿ ಕಟ್ಟ ಹಾಕುವ ಕಾಲ ಅದೇ ಅಲ್ವಾ? ಮಳೆ ನಿಂತು, ತೋಡಿನ ಹರಿವು ಸಣ್ಣ ಆಗುವಾಗ ನೀರನ್ನು ಹಿಡಿಯದಿದ್ರೆ ಮಾರ್ಚಿಗೆ ಏನೂ ಉಳಿಯುವುದಿಲ್ಲ. ಅಪ್ಪ ಇರುವಷ್ಟು ದಿನ ವರ್ಷವೂ ಕಟ್ಟ ಬೀಳ್ತಿತ್ತು. ಅಪ್ಪ ಹೋದ ಮೇಲೆ ನಾನು ಬೋರ್‌ವೆಲ್ ತೆಗೆಸಿದೆ. ಆಚೆ ದಡದ ಮನೆಯವರ ಜೊತೆ, ಕಟ್ಟದ ಮಣ್ಣು ಯಾರ ಜಾಗದಿಂದ ತೆಗೆಯುವುದು ಅಂತ ಮಾತಿಗೆ ಮಾತು ಬೆಳೆದು ಬಾಯಿ ಮುಚ್ಚಿ ಹೋಯ್ತು. ಸ್ವಿಚ್ ಒತ್ತಿದ್ರೆ ನೀರು ಬರುವಾಗ ಆಚೆಯವರ ಹಂಗು ಯಾಕೆ ಅಂತ ನನ್ನ ಅಹಂಕಾರ. ಕಳೆದ ಏಪ್ರಿಲ್‌ನಲ್ಲಿ ಬೋರು ಬರೀ ಗಾಳಿ ಕೊಟ್ಟಿತು. ಅರುವತ್ತು ಅಡಿಕೆ ಸಸಿ ಕಣ್ಣೆದುರೇ ಒಣಗಿದವು. ಅಮ್ಮ ಆಗ ಏನೂ ಹೇಳಲಿಲ್ಲ. ಉಳ್ಳಾಲದಲ್ಲಿ ಕೇಳಿದ ಪ್ರಶ್ನೆ ರಾಣಿಗಲ್ಲ, ನನಗೇ ಅಂತ ಅರ್ಥ ಆಗ್ಲಿಕ್ಕೆ ನನಗೆ ಮಳೆಗಾಲ ಕಳೆಯಬೇಕಾಯ್ತು.

ದೀಪಾವಳಿ ಕಳೆದ ಮೇಲೆ ಆಚೆ ಮನೆಗೆ ಹೋದೆ. ಒಳ್ಳೆ ಮಾತು ಹುಡುಕಿಕೊಂಡು ಹೋಗಿದ್ದೆ, ಬೇಕಾಗ್ಲಿಲ್ಲ. "ಮಣ್ಣು ನಮ್ಮ ಬದಿಯಿಂದಲೇ ತೆಗೀರಿ, ನಮ್ಮ ಬಾವಿಯೂ ಬತ್ತಿದೆ" ಅಂದ್ರು. ಎರಡು ಮನೆಯವರು ಸೇರಿ ಏಳು ಜನ, ಮೂರು ದಿನ. ಎರಡು ಸಾಲು ಕಲ್ಲು, ನಡುವೆ ಮೆಟ್ಟಿ ಗಟ್ಟಿ ಮಾಡಿದ ಮಣ್ಣು, ಸೋರುವಲ್ಲಿ ಸೊಪ್ಪು ಮತ್ತು ಟರ್ಪಾಲ್. ಅಮ್ಮ ಕೊಡೆ ಹಿಡಿದು ದಡದಲ್ಲಿ ನಿಂತು, "ಅಲ್ಲಿ ಸೋರ್ತದೆ, ಇಲ್ಲಿ ಮೆಟ್ಟಿ" ಅಂತ ಮೂರು ದಿನವೂ ಹೇಳ್ತಾ ಇದ್ರು. ಕಾಲಿಗೆ ಚಪ್ಪಲಿ ಇರ್ಲಿಲ್ಲ.

ಇವತ್ತು ಬೆಳಿಗ್ಗೆ ನೋಡಿದೆ, ಸೊಂಟದವರೆಗೆ ನೀರು ನಿಂತಿದೆ. ಬಾವಿ ಎಷ್ಟು ಏರ್ತದೆ ಅಂತ ವಾರಕ್ಕೊಮ್ಮೆ ಅಳೆದು ಇಲ್ಲೇ ಬರೀತೇನೆ. ನಿಮ್ಮ ತೋಡಲ್ಲಿ ಇನ್ನೂ ಹರಿವು ಇದ್ರೆ ತಡ ಮಾಡ್ಬೇಡಿ, ಹರಿವು ನಿಂತ ಮೇಲೆ ಕಟ್ಟ ಹಾಕಿ ಪ್ರಯೋಜನ ಇಲ್ಲ. ಆಚೆ ದಡದವರ ಜೊತೆ ಮಾತು ಬಿಟ್ಟಿದ್ರೆ, ಮೊದಲು ಅಲ್ಲಿಗೆ ಹೋಗಿ.