ನೂರೆಂಟು ತೆಂಗಿನಕಾಯಿ ಮತ್ತು ಪೆನ್ಸಿಲ್ವೇನಿಯ

2024ರ ನವೆಂಬರ್ 6ರ ಬೆಳಿಗ್ಗೆ ನಾನು ವಾಕಿಂಗ್ ತಪ್ಪಿಸಿದೆ. ಅಡ್ಯಾರಿನ ಕಸ್ತೂರಬಾ ನಗರದ ನಮ್ಮ ಮನೆಯಿಂದ ಬೆಸೆಂಟ್ ನಗರದ ಎಲಿಯಟ್ಸ್ ಬೀಚಿನವರೆಗೆ ನಡೆದು ಬರುವುದು, ಚೆನ್ನೈಗೆ ಬಂದ 2014ರಿಂದಲೂ ಇರುವ ಅಭ್ಯಾಸ. ಅಂದು ಮಾತ್ರ ಕಾಫಿ ಲೋಟ ಹಿಡಿದು ಲ್ಯಾಪ್‌ಟಾಪಿನ ಮುಂದೆ ಕೂತಿದ್ದೆ. ಪರದೆಯ ತುಂಬ ಕೆಂಪು, ನೀಲಿ ಬಣ್ಣ ಬಳಿದ ಅಮೆರಿಕದ ನಕ್ಷೆ. ಪೆನ್ಸಿಲ್ವೇನಿಯ, ಮಿಶಿಗನ್, ವಿಸ್ಕಾನ್ಸಿನ್, ಜಾರ್ಜಿಯ, ನಾರ್ತ್ ಕ್ಯಾರೊಲೈನಾ, ಅರಿಜೋನ, ನೆವಾಡ - ಈ ಏಳು ರಾಜ್ಯಗಳು ವಾಲಿದ ಕಡೆಗೇ ಗೆಲುವು, 538ರಲ್ಲಿ 270 ದಾಟಬೇಕು ಎಂದೆಲ್ಲ ಮಗಳಿಗೆ ವಿವರಿಸುತ್ತಿದ್ದೆ. ಅವಳು ಬ್ಯಾಗಿಗೆ ಟಿಫಿನ್ ಡಬ್ಬಿ ತುರುಕುತ್ತಾ, "ಅಪ್ಪಾ, ಕರ್ನಾಟಕದಲ್ಲಿ ಎಷ್ಟು ಜಿಲ್ಲೆ ಇದೆ?" ಅಂದಳು.

"ಮೂವತ್ತು."

"ಮೂವತ್ತೊಂದು. ವಿಜಯನಗರ ಬಿಟ್ಬಿಟ್ಟೆ" ಎಂದು ಹೇಳಿ ಸ್ಕೂಲ್ ಬಸ್ಸಿಗೆ ಓಡಿದಳು.

ನನ್ನದೇನೂ ತಪ್ಪಿಲ್ಲ ಎನ್ನಿ. ಆ ಚುನಾವಣೆ ನಮ್ಮ ಏರಿಯಾದ್ದೇ ಎನ್ನುವ ಹಾಗಾಗಿತ್ತು. ಕಮಲಾ ಹ್ಯಾರಿಸ್ ಅವರ ತಾಯಿಯ ತಂದೆ ಪಿ.ವಿ. ಗೋಪಾಲನ್ ಸರ್ಕಾರಿ ಕೆಲಸದಿಂದ ನಿವೃತ್ತರಾಗಿ ನೆಲೆಸಿದ್ದು ಇದೇ ಬೆಸೆಂಟ್ ನಗರದಲ್ಲಿ. ಅಮೆರಿಕದಿಂದ ಬಂದ ಮೊಮ್ಮಗಳು ತಾತನ ಕೈ ಹಿಡಿದು, ಅವರ ನಿವೃತ್ತ ಗೆಳೆಯರು ರಾಜಕೀಯ ಚರ್ಚಿಸುವುದನ್ನು ಕೇಳುತ್ತಾ ಓಡಾಡಿದ್ದು ನಾನು ದಿನಾ ತೂಕ ಇಳಿಸಲು ಹೆಣಗುವ ಬೀಚಿನಲ್ಲೇ. 2020ರ ಆಗಸ್ಟಿನಲ್ಲಿ ಡೆಮಾಕ್ರಟಿಕ್ ಪಕ್ಷದ ಸಮಾವೇಶದಲ್ಲಿ ಆಕೆ ತನ್ನ ಚಿತ್ತಿಯರನ್ನು ನೆನೆದಾಗ, ಚಿಕ್ಕಮ್ಮ ಎನ್ನುವ ಆ ಒಂದು ತಮಿಳು ಪದಕ್ಕೆ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸ್ಯಾಪ್ ಗುಂಪು ಎರಡು ದಿನ ನಿದ್ದೆ ಮಾಡಲಿಲ್ಲ. ಅದಕ್ಕೂ ಹಿಂದೆ, 2010ರಲ್ಲಿ ಕ್ಯಾಲಿಫೋರ್ನಿಯದ ಅಟಾರ್ನಿ ಜನರಲ್ ಹುದ್ದೆಗೆ ನಿಂತಾಗ, ಚೆನ್ನೈನ ಚಿತ್ತಿಗೆ ಹೇಳಿ ಬೆಸೆಂಟ್ ನಗರದ ವರಸಿದ್ಧಿ ವಿನಾಯಕನಿಗೆ ಕಾಯಿ ಒಡೆಸಿದ್ದರು. ನೂರೆಂಟು ಕಾಯಿ! ಎಣಿಕೆ ವಾರಗಟ್ಟಲೆ ಎಳೆದು, ಕೂದಲೆಳೆಯಲ್ಲಿ ಗೆದ್ದರು.

ಈ ಕಥೆಯನ್ನು ತಿಪಟೂರಿನಲ್ಲಿರುವ ಅಪ್ಪನಿಗೆ ಫೋನಿನಲ್ಲಿ ಹೇಳಿದ್ದೆ. ತೆಂಗಿನ ಸೀಮೆಯವರು, ಕೊಬ್ಬರಿ ರೇಟಿನ ಮೇಲೆ ದಿನ ಶುರು ಮಾಡುವವರು. ಎಲ್ಲ ಕೇಳಿಸಿಕೊಂಡು, "ಕಾಯಿ ಒಡೆಸೋದು ಸರಿ ಕಣಪ್ಪ. ನೀನು ಇಲ್ಲಿಗೆ ಬಂದು ವೋಟು ಹಾಕಿ ಎಷ್ಟು ವರ್ಷ ಆಯ್ತು?" ಅಂದರು. ನೆಟ್‌ವರ್ಕ್ ಸರಿಯಿಲ್ಲ ಎಂದೆ.

ಲೆಕ್ಕ ಹೇಳಿಬಿಡುತ್ತೇನೆ. 2013ರ ವಿಧಾನಸಭೆಗೆ ಹಾಕಿದ್ದೇ ಕೊನೆ. 2018ರಲ್ಲಿ ಮತದಾನ ಶನಿವಾರವೇ ಬಿದ್ದಿತ್ತು. ಆದರೆ ಆ ವಾರಾಂತ್ಯವೇ ನಮ್ಮ ಪ್ರಾಜೆಕ್ಟಿನ ಗೋ-ಲೈವ್. 2023ರಲ್ಲಿ ಬುಧವಾರ, ರಜೆ ಸಿಗಲಿಲ್ಲ ಅಂದುಕೊಂಡೆ. ನಿಜ ಹೇಳಬೇಕೆಂದರೆ ಕೇಳಲೇ ಇಲ್ಲ. 2024ರ ಲೋಕಸಭೆಗೆ ಚೆನ್ನೈನಲ್ಲಿ ಏಪ್ರಿಲ್ 19, ತುಮಕೂರಿನಲ್ಲಿ 26. ಇಲ್ಲಿ ರಜೆ ಕೊಟ್ಟ ದಿನ ನನಗೆ ಇಲ್ಲಿ ವೋಟಿಲ್ಲ, ಅಲ್ಲಿ ವೋಟಿದ್ದ ದಿನ ನಾನು ಅಲ್ಲಿಲ್ಲ.

ಅಮೆರಿಕದ ರಾಜಕೀಯ ನನಗೆ ತಲೆಗೇರಿದ್ದು ಸೀರಿಯಲ್ಲಿನ ರೂಪದಲ್ಲಿ. ಸುರತ್ಕಲ್ಲಿನಲ್ಲಿ ಎಂಟೆಕ್ ಮಾಡುವಾಗ ಹಾಸ್ಟೆಲಿನ ಲ್ಯಾನ್‌ನಲ್ಲಿ ಯಾರೋ 'ದ ವೆಸ್ಟ್ ವಿಂಗ್' ಹಾಕಿಟ್ಟಿದ್ದರು. ಥೀಸಿಸ್ ಬಿಟ್ಟು ಶ್ವೇತಭವನದ ಕಾರಿಡಾರಿನಲ್ಲೇ ಓಡಾಡಿದೆ. ಮುಂದೆ 'ಹೌಸ್ ಆಫ್ ಕಾರ್ಡ್ಸ್'. 2004ರಲ್ಲಿ 'ದ ಅಪ್ರೆಂಟಿಸ್' ಶುರುವಾದಾಗ ಅದರಲ್ಲಿ ಜನರನ್ನು ಕೆಲಸದಿಂದ ಕಿತ್ತುಹಾಕುತ್ತಿದ್ದ ಕುಳವೇ ಒಂದು ದಿನ ನಿಜವಾದ ಶ್ವೇತಭವನಕ್ಕೆ ಹೋಗುತ್ತಾನೆಂದು ಯಾರಿಗೆ ಗೊತ್ತಿತ್ತು? ಚೆನ್ನೈನಲ್ಲಿರುವವರಿಗೆ ಇದರಲ್ಲಿ ಅಚ್ಚರಿಪಡಲು ಹೆಚ್ಚೇನಿಲ್ಲ, ಬಿಡಿ. 1967ರ ಜನವರಿ 2ರಂದು ನಟ ರೊನಾಲ್ಡ್ ರೇಗನ್ ಕ್ಯಾಲಿಫೋರ್ನಿಯದ ಗವರ್ನರ್ ಆದರು. ಹತ್ತೇ ದಿನಕ್ಕೆ ಇಲ್ಲಿ ಎಂಜಿಆರ್ ಅವರ ಮೇಲೆ ಸಹನಟ ಎಂ.ಆರ್. ರಾಧಾ ಗುಂಡು ಹಾರಿಸಿದರು, ಎಂಜಿಆರ್ ಆಸ್ಪತ್ರೆಯ ಹಾಸಿಗೆಯಲ್ಲಿದ್ದುಕೊಂಡೇ ಶಾಸಕರಾದರು. ಮುಖ್ಯಮಂತ್ರಿಯಾದದ್ದು 1977ರಲ್ಲಿ, ರೇಗನ್ ಅಧ್ಯಕ್ಷರಾಗುವುದಕ್ಕೆ ನಾಲ್ಕು ವರ್ಷ ಮೊದಲು. ನಮ್ಮ ರಾಜಕುಮಾರ್ ಮಾತ್ರ ಗೋಕಾಕ್ ಚಳವಳಿಯಲ್ಲಿ ಅಷ್ಟು ಜನ ಸೇರಿದರೂ ಚುನಾವಣೆಯ ಕಡೆ ತಿರುಗಿ ನೋಡಲಿಲ್ಲ. ಇದನ್ನು ಆಫೀಸಿನ ಕ್ಯಾಂಟೀನಿನಲ್ಲಿ ನಾನು ಸ್ವಲ್ಪ ಜಂಬದಿಂದಲೇ ಹೇಳುವುದುಂಟು.

ಸೀರಿಯಲ್ ನೋಡುವವನಿಗೆ ನಗಲು ಯಾವ ಅಡ್ಡಿಯೂ ಇರುವುದಿಲ್ಲ. 2024ರ ಸೆಪ್ಟೆಂಬರ್ 10ರ ಚರ್ಚೆಯಲ್ಲಿ ಟ್ರಂಪ್, ಒಹಾಯೊದ ಸ್ಪ್ರಿಂಗ್‌ಫೀಲ್ಡಿನಲ್ಲಿ ವಲಸೆ ಬಂದವರು ಜನರ ನಾಯಿ, ಬೆಕ್ಕುಗಳನ್ನು ತಿನ್ನುತ್ತಿದ್ದಾರೆ ಎಂದರು. ಅವರು ಹೇಳಿದ್ದು ಹೈಟಿಯಿಂದ ಬಂದ ಜನರ ಬಗ್ಗೆ. ಅದಕ್ಕೆ ಯಾವ ಪುರಾವೆಯೂ ಇರಲಿಲ್ಲ. ಚರ್ಚೆ ಮುಗಿದ ಸ್ವಲ್ಪ ಹೊತ್ತಿಗೇ ಟೇಲರ್ ಸ್ವಿಫ್ಟ್ ಬೆಕ್ಕನ್ನೆತ್ತಿಕೊಂಡ ಫೋಟೊ ಹಾಕಿ ಕಮಲಾಗೆ ಬೆಂಬಲ ಸೂಚಿಸಿದರು. ಟ್ರಂಪ್ ಮಾತಿಗೆ ತಾಳ ಕೂಡಿಸಿ ಯಾರೋ ಹಾಡು ಮಾಡಿದರು. ಆ ಹಾಡು ನಮ್ಮ ತಂಡದ ಗುಂಪಿಗೂ ಬಂತು. ಇಪ್ಪತ್ತು ನಗುವ ಮುಖಗಳು ಬಿದ್ದವು. ಅದರಲ್ಲಿ ನನ್ನದೂ ಒಂದು.

ಆ ವಾರದ ಕ್ಲೈಂಟ್ ಕಾಲ್‌ನಲ್ಲಿ ಇನ್ನೂ ಎಲ್ಲರೂ ಸೇರಿರಲಿಲ್ಲ. ನಮ್ಮ ಹುಡುಗನೊಬ್ಬ ಮೈಕ್ ಆಫ್ ಮಾಡುವುದನ್ನು ಮರೆತು ಆ ಹಾಡು ಗುನುಗಿದ. ಆ ಕಡೆಯ ಮ್ಯಾನೇಜರ್ ಒಹಾಯೊದಲ್ಲಿರುವಾಕೆ, ಐದು ವರ್ಷದಿಂದ ಹವಾಮಾನ, ಮೊಮ್ಮಕ್ಕಳು ಬಿಟ್ಟು ಬೇರೆ ಮಾತಾಡಿದವರಲ್ಲ. ಯಾವ ಪಕ್ಷದವರು ಎಂಬುದು ನನಗೆ ಇವತ್ತಿಗೂ ತಿಳಿಯದು. ಬಾಂಬ್ ಬೆದರಿಕೆ ಬಂದು ಸ್ಪ್ರಿಂಗ್‌ಫೀಲ್ಡಿನ ಶಾಲೆಗಳನ್ನು ಖಾಲಿ ಮಾಡಿಸಿದ್ದಾರೆ ಎಂದಷ್ಟೇ ಹೇಳಿದರು. ಆಮೇಲೆ, ಸ್ಟೇಟಸ್ ರಿಪೋರ್ಟ್ ತೆರೆಯೋಣವೇ ಎಂದರು.

ತೆರೆದೆ. ಆದರೆ ನನ್ನ ತಲೆ 2016ರ ಸೆಪ್ಟೆಂಬರ್ 12ಕ್ಕೆ ಹೋಗಿತ್ತು. ಕಾವೇರಿ ಗಲಾಟೆ. ಬೆಂಗಳೂರಿನಲ್ಲಿ ತಮಿಳುನಾಡಿನ ಬಸ್ಸುಗಳು ಸಾಲಾಗಿ ಉರಿದ ದಿನ. ಬೆಳಗಿನ ಜಾವ ಇಲ್ಲಿ ನ್ಯೂ ವುಡ್‌ಲ್ಯಾಂಡ್ಸ್ ಹೋಟೆಲಿನ ಮೇಲೆ ಪೆಟ್ರೋಲ್ ಬಾಂಬ್ ಎಸೆದಿದ್ದರು. ನಮ್ಮ ಕಡೆಯವರ ಹೋಟೆಲು ಎಂಬುದೇ ಕಾರಣ. ನನ್ನ ಕಾರಿಗೆ ಕೆಎ ನಂಬರು. ಅದಕ್ಕೆ ಹಳೆ ಬೆಡ್‌ಶೀಟು ಹೊದಿಸಿದೆ. ಆಗ ಮಗಳಿಗೆ ನಾಲ್ಕು ವರ್ಷ. ಅಂಗಡಿಯಲ್ಲಿ ನನ್ನನ್ನು ಕನ್ನಡದಲ್ಲಿ ಕೂಗಬೇಡ ಎಂದು ಅವಳಿಗೆ ಹೇಳಿಕೊಟ್ಟೆ. ಎದುರು ಮನೆ ಮಾಮಿ, ಬೆಡ್‌ಶೀಟಿನ ಕೆಳಗೆ ನಂಬರ್ ಪ್ಲೇಟು ಕಾಣುತ್ತಿದೆ ಎಂದು ತಾವೇ ಬಂದು ಎಳೆದು ಮುಚ್ಚಿದರು. ಏನೂ ಆಗಲಿಲ್ಲ. ಆದರೆ ಆ ವಾರ ಯಾರಾದರೂ ಕನ್ನಡದವರ ಮೇಲೆ ಹಾಡು ಕಟ್ಟಿ ಹರಿಬಿಟ್ಟಿದ್ದರೆ ನನಗೆ ನಗು ಬರುತ್ತಿತ್ತೇ?

ನವೆಂಬರ್ 6ರ ಮಧ್ಯಾಹ್ನ ಊಟದ ಹೊತ್ತಿಗೆ ಪೆನ್ಸಿಲ್ವೇನಿಯ ಕೈಬಿಟ್ಟಿತ್ತು. ಕೊನೆಗೆ ಏಳಕ್ಕೆ ಏಳೂ ಟ್ರಂಪ್ ಪಾಲಾದವು, 312ಕ್ಕೆ 226. ಕಮಲಾ ಅವರ ತಾತನ ಹುಟ್ಟೂರು, ಮನ್ನಾರ್‌ಗುಡಿ ಬಳಿಯ ತುಳಸೇಂದ್ರಪುರದಲ್ಲಿ ಪೂಜೆ ಮಾಡಿ ಕಾದಿದ್ದವರು ಸುಮ್ಮನೆ ಮನೆಗೆ ಹೋದರು. ನಾನೂ ಒಂದು ವಾರ ಸುದ್ದಿ ನೋಡಲಿಲ್ಲ.

2025ರ ನವೆಂಬರಿನಲ್ಲಿ ತಮಿಳುನಾಡಿನ ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆ ಶುರುವಾಗಿ, ನಮ್ಮ ಬಾಗಿಲಿಗೂ ಬಿಎಲ್‌ಒ ಬಂದರು. ಸರ್ಕಾರಿ ಶಾಲೆಯ ಟೀಚರ್, ಕೈಯಲ್ಲಿ ಒದ್ದೆಯಾದ ಫೈಲು. ಹೆಂಡತಿ ಹಿಂದೆಯೇ ತನ್ನ ಹೆಸರನ್ನು ಇಲ್ಲಿಗೆ ವರ್ಗಾಯಿಸಿಕೊಂಡಿದ್ದಳು. ಅವಳ ಫಾರಂ ಬಂದಿತ್ತು. ಹಳೆಯ ಪಟ್ಟಿಯಲ್ಲಿ ಅವಳ ಹೆಸರೋ ಅವಳ ಅಪ್ಪ-ಅಮ್ಮನ ಹೆಸರೋ ಎಲ್ಲಿತ್ತು ಎಂದು ಬರೆಯಬೇಕಿತ್ತು. ಅರಸೀಕೆರೆಯ 2002ರ ಪಟ್ಟಿಯಲ್ಲಿ ಮಾವನ ಹೆಸರು ಹುಡುಕುತ್ತಾ ಒಂದು ಸಂಜೆ ಕಳೆಯಿತು. ಟೀಚರ್ ನನ್ನ ಕಡೆ ತಿರುಗಿ, "ಉಂಗಳೋಡದು, ಸಾರ್?" ಎಂದರು. ನನ್ನದು ಇಲ್ಲಿಲ್ಲ, ಊರಲ್ಲಿದೆ ಎಂದೆ. ಎಷ್ಟು ವರ್ಷದಿಂದ ಇದ್ದೀರಿ ಎಂದು ಕೇಳಿದರು. ಹನ್ನೊಂದು ಎಂದೆ. ಅವರು ಏನೂ ಅನ್ನದೆ ಮೇಲಿನ ಮನೆಗೆ ಮೆಟ್ಟಿಲು ಹತ್ತಿದರು.

ಅಪ್ಪನಿಗೆ ಫೋನ್ ಮಾಡಿದೆ. ಪಟ್ಟಿಯಲ್ಲಿ ನನ್ನ ಹೆಸರಿರುವುದು ಅಪ್ಪನ ಹೆಸರಿನ ಕೆಳಗೆ. ತೆಗೆಸಿಬಿಡಲೇ ಎಂದು ಕೇಳಲು ಬಾಯಿ ಬರಲಿಲ್ಲ, ಸುತ್ತಿ ಬಳಸಿ ಹೇಳಿದೆ.

"ಅಲ್ಲೇ ಹಾಕಿಸ್ಕೊಂಡ್ಬಿಡು" ಅಂದರು. "ಪ್ರತಿ ಸಲ ನಾನು ಬೂತಿಗೆ ಹೋದಾಗ ಏಜೆಂಟು ನಿನ್ನ ಹೆಸರು ಓದಿ, ಮಗ ಬಂದಿಲ್ವಾ ಅಂತಾನೆ. ಬರ್ತಾವ್ನೆ ಅಂತ ಸುಳ್ಳು ಹೇಳಿ ಸಾಕಾಗೈತೆ."

ಮೊನ್ನೆ ಭಾನುವಾರ ಅರ್ಜಿ ತುಂಬಲು ಕೂತೆ. ವಿಧಾನಸಭಾ ಕ್ಷೇತ್ರ ಯಾವುದು ಎಂಬ ಕಡೆ ಬಂದು ನಿಂತೆ. ಅಡುಗೆಮನೆಯ ಕಡೆ ತಿರುಗಿ ಕೂಗಿ ಕೇಳಿದೆ.

"ಬೀರುವಿನಲ್ಲಿ ನನ್ನ ಕಾರ್ಡಿದೆ, ನೋಡಿ ಬರ್ಕೊಳ್ರೀ" ಎಂದಳು.