ಹದಿನೇಳು ತಾಸು, ಮತ್ತೆ ಏಳು ತಾಸು

"ನಿನ್ನ ವಿಮಾನ ನಮ್ಮ ಕುಷ್ಟಗಿ ಮ್ಯಾಲೆ ಹಾಯ್ತದೇನೋ?" ಅಂತ ಅಮ್ಮ ಕೇಳ್ತಿದ್ದಳು. ನಮ್ಮ ಕಡೆ ಅಮ್ಮ ಅಂದ್ರೆ ಅಜ್ಜಿ. ತಾಯಿಗೆ ಅವ್ವ ಅಂತೀವಿ.

2021ರ ಜನವರಿಯಲ್ಲಿ ಏರ್ ಇಂಡಿಯಾ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ನೇರ ವಿಮಾನ ಶುರು ಮಾಡಿತು. ಮೊದಲ ಹಾರಾಟದ ಪೈಲಟ್‌ಗಳೆಲ್ಲ ಮಹಿಳೆಯರೇ, ಅದೂ ಉತ್ತರ ಧ್ರುವದ ಮೇಲೆ ಹಾಯ್ದು ಬಂದರು. ಸುಮಾರು 14,000 ಕಿ.ಮೀ., 17 ತಾಸು. ಫೋನಿನಲ್ಲಿ ಅಮ್ಮನಿಗೆ ಹೇಳಿದೆ: "ಇನ್ನ ದೂರ ಇಲ್ಲ ಬಿಡಮ್ಮ, ಒಂದ ದಿನ."

ಮರುವರ್ಷ ಜನವರಿಯ ಒಂದು ಶನಿವಾರ ಬೆಳಿಗ್ಗೆ ಅವ್ವನ ಫೋನ್ ಬಂತು. ಅಮ್ಮ ಹೋಗಿದ್ದಳು. ಅದೇ ರಾತ್ರಿ ಎಂಟೂವರೆಗೆ ನನ್ನ ವಿಮಾನ ಹೊರಟಿತು. ಚಳಿಗಾಲದಲ್ಲಿ ನಮ್ಮೂರು ಹದಿಮೂರೂವರೆ ತಾಸು ಮುಂದೆ, ಅಲ್ಲಿ ಆಗಲೇ ಭಾನುವಾರ ಬೆಳಿಗ್ಗೆ ಹತ್ತು. ನಾನು ಇಳಿದಾಗ ಸೋಮವಾರ ನಸುಕು. ಇಡೀ ಭಾನುವಾರ ಆಕಾಶದಲ್ಲೇ ಹೋಯ್ತು. ಸೀಟಿನ ಮುಂದಿನ ನಕ್ಷೆಯಲ್ಲಿ ಕುಷ್ಟಗಿ ಹುಡುಕಿದೆ, ಇರಲಿಲ್ಲ.

ಬೆಂಗಳೂರಿನಿಂದ ಊರಿಗೆ ಹೆಚ್ಚೂಕಡಿಮೆ 400 ಕಿ.ಮೀ. ತುಮಕೂರು, ಚಿತ್ರದುರ್ಗ, ಹೊಸಪೇಟೆ. ವಿಮಾನ ಅರ್ಧ ತಾಸಿನಲ್ಲಿ ದಾಟುವ ದೂರಕ್ಕೆ ಕಾರಿಗೆ ಏಳು ತಾಸು ಬೇಕಾಯ್ತು. (ಕುಷ್ಟಗಿಗೆ ರೈಲು ಬಂದದ್ದು 2025ರ ಮೇ ತಿಂಗಳಲ್ಲಿ, ಅದೂ ಹುಬ್ಬಳ್ಳಿ ಕಡೆಯಿಂದ.)

ಮನೆ ಮುಟ್ಟಿದಾಗ ಮಧ್ಯಾಹ್ನ. ಮಣ್ಣು ಭಾನುವಾರ ಸಂಜೆಯೇ ಮುಗಿದಿತ್ತು. ಅವ್ವ ಕಾಲಿಗೆ ನೀರು ಕೊಟ್ಟಳು. "ಮಣ್ಣ ಕೊಡೋ ಮುಂದ ಮ್ಯಾಲೊಂದು ವಿಮಾನ ಹೋತು. ನಿಂದ ಅಂತ ಎಲ್ಲಾರೂ ನೋಡಿದ್ವಿ."

ಆ ಹೊತ್ತಿಗೆ ನಾನು ಉತ್ತರದ ಹಿಮದ ಮೇಲೆ ಎಲ್ಲೋ ಇದ್ದೆ.

"ಹೂಂ, ನಂದ ಇರಬೇಕು" ಅಂದೆ.