ಬಿರುಕೋ ಹೊಲಿಗೆಯೋ

ಆರ್.ಟಿ. ನಗರದ ನಮ್ಮ ಮನೆಯ ಗೋಡೆಯಲ್ಲಿ ಮಳೆಗಾಲಕ್ಕೊಂದು ಹೊಸ ಗೆರೆ ಮೂಡುತ್ತದೆ. ಮೇಸ್ತ್ರಿ ಬಂದು ಉಗುರಿನಿಂದ ಕೆರೆದು, ‘ಬರೀ ಗಾರೆ ಬಿಟ್ಟಿರೋದು ಸಾರ್, ಗೋಡೆ ಗಟ್ಟಿಯಾಗಿದೆ’ ಎನ್ನುತ್ತಾನೆ. ಆಗೆಲ್ಲ ನನಗೆ ಇನ್ನೊಂದು ಗೆರೆಯ ನೆನಪು.

ನ್ಯಾಯವೈದ್ಯಶಾಸ್ತ್ರ ವಿಭಾಗಕ್ಕೆ ನಾನು ಸೇರಿದ ಹೊಸತು. ಯಲಹಂಕದ ಕಡೆ ಕಟ್ಟಡ ಕೆಲಸಕ್ಕೆ ಬಂದಿದ್ದ ದಂಪತಿಯ ನಾಲ್ಕು ತಿಂಗಳ ಕೂಸನ್ನು ಶವಪರೀಕ್ಷೆಗೆ ತಂದಿದ್ದರು. ರಾತ್ರಿ ಮಲಗಿದ್ದು ಬೆಳಿಗ್ಗೆ ಏಳಲಿಲ್ಲವಂತೆ. ತಂದೆ ಕುಡುಕನೆಂದು ನೆರೆಯವರು ಹೇಳಿದ್ದರಿಂದ ಪೊಲೀಸರು ಅವನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿದ್ದರು. ತಲೆಯ ಚರ್ಮ ಸರಿಸಿದಾಗ ಎಡಗಡೆಯ ಬುರುಡೆಯೆಲುಬಿನ ಮೇಲೆ ಗೆರೆಯೊಂದು ಕಂಡಿತು. ಮಕ್ಕಳ ಮೂಳೆಗಳ ಕಾರಣ ತಿಳಿಯದ ಮುರಿತಗಳತ್ತ 1946ರಲ್ಲಿ ಜಾನ್ ಕ್ಯಾಫಿ ಬೆರಳು ತೋರಿದ್ದನ್ನೂ, 1962ರಲ್ಲಿ ಹೆನ್ರಿ ಕೆಂಪೆ ಮತ್ತು ಸಂಗಡಿಗರು ಅದಕ್ಕೆ ‘ಹೊಡೆತ ತಿಂದ ಮಗು’ ಎಂದು ಹೆಸರಿಟ್ಟದ್ದನ್ನೂ ಆಗಷ್ಟೇ ಓದಿದ್ದೆ. ‘ಬುರುಡೆ ಬಿರಿದಿದೆ’ ಎಂದು ಬರೆಯಲು ಪೆನ್ನು ತೆಗೆದೆ.

‘ತಡಿ, ಮೊದಲು ಬಲಗಡೆ ನೋಡು’ ಎಂದರು ನಮ್ಮ ಪ್ರೊಫೆಸರು.

ಬಲಗಡೆಯೂ ಅದೇ ಜಾಗದಲ್ಲಿ ಅದೇ ಗೆರೆ! ಅಂಚು ಗರಗಸದ ಹಲ್ಲಿನಂತೆ ಅಂಕುಡೊಂಕು. ಸುತ್ತ ರಕ್ತ ಹೆಪ್ಪುಗಟ್ಟಿಲ್ಲ, ಚರ್ಮದಡಿ ಊತವಿಲ್ಲ. ಅದು ಬಿರುಕಲ್ಲ, ಹೊಲಿಗೆ. ಈ ಎಲುಬು ಗರ್ಭದಲ್ಲಿ ಎರಡು ಕೇಂದ್ರಗಳಿಂದ ಬೆಳೆದು ಒಂದಾಗುತ್ತದೆ. ಅಪರೂಪಕ್ಕೆ ಆ ಬೆಸುಗೆ ಪೂರ್ತಿಯಾಗದೆ ಗೆರೆ ಉಳಿಯುತ್ತದೆ. ಕೂಸನ್ನು ಒಯ್ದದ್ದು ನ್ಯುಮೋನಿಯ ಎಂದು ಆಮೇಲೆ ಸೂಕ್ಷ್ಮದರ್ಶಕ ಹೇಳಿತು.

ಹಾಗೆಂದು ಎಲ್ಲ ಗೆರೆಯೂ ಹೊಲಿಗೆಯಲ್ಲ. ಮುಂದೊಮ್ಮೆ ಯಶವಂತಪುರದ ಕಡೆಯ ಕೂಸೊಂದರ ಪಕ್ಕೆಲುಬುಗಳಲ್ಲಿ ಸಾಲಾಗಿ ಗಂಟುಗಳಿದ್ದವು. ತಂದೆ ತಾಯಿ ಓದಿದವರು, ಮೃದುವಾಗಿ ಮಾತಾಡುವವರು. ರಿಕೆಟ್ಸ್ ಇರಬೇಕೆಂದು ನನ್ನ ಮನಸ್ಸು ಹಂಬಲಿಸಿತು. ಆದರೆ ರಿಕೆಟ್ಸಿನ ಗಂಟು ಎದೆಯ ಮುಂಭಾಗದಲ್ಲಿ, ಎಲುಬು ಮೃದ್ವಸ್ಥಿಗೆ ಸೇರುವಲ್ಲಿ ಬರುತ್ತದೆ. ಇವು ಬೆನ್ನುಮೂಳೆಯ ಪಕ್ಕದಲ್ಲಿದ್ದವು. ಯಾರೋ ಎದೆಯನ್ನು ಎರಡೂ ಕೈಯಲ್ಲಿ ಹಿಂಡಿ ಮುರಿದು, ವಾರಗಳ ಹಿಂದೆ ಕೂಡಿಕೊಂಡ ಎಲುಬುಗಳು. ಕಂಡದ್ದನ್ನು ಬರೆದೆ.

ಆ ಮೊದಲ ತಂದೆ ಸಂಜೆ ಕೂಸನ್ನು ಬಿಳಿಬಟ್ಟೆಯಲ್ಲಿ ಎದೆಗವಚಿಕೊಂಡು ಹೊರಟ. ಬಾಗಿಲಲ್ಲಿ ನಿಂತಿದ್ದ ನನ್ನತ್ತ ತಲೆಬಾಗಿದ. ಕೈ ಮುಗಿಯಲು ಅವನ ಕೈ ಖಾಲಿಯಿರಲಿಲ್ಲ. ನಾನು ಬರೆಯಹೊರಟಿದ್ದ ಎರಡು ಪದ ಅವನಿಗೆ ಗೊತ್ತಿರಲಿಲ್ಲ.